ನೇಯ್ದ ಶಾಸನ: ಇಸ್ಲಾಮೀ ರೇಷ್ಮೆ ಬಟ್ಟೆಗಳ ಬರೆಹ ಮತ್ತು ಪ್ರಾಮಾಣ್ಯದ ಪ್ರಶ್ನೆ

ಶಾಸನವೆಂದೊಡನೆ ಕಲ್ಲು ಮತ್ತು ತಾಮ್ರ ನಮ್ಮ ನೆನಪಿಗೆ ಬರುತ್ತವೆ. ಮಧ್ಯಯುಗದ ಇಸ್ಲಾಮೀ ಜಗತ್ತಿನಲ್ಲಿ ಪ್ರಭುತ್ವವು ತನ್ನ ಹೆಸರನ್ನು ಬಟ್ಟೆಯ ಮೇಲೂ ಬರೆಸುತ್ತಿತ್ತು. ಇಂತಹ ಬರೆಹದ ಪಟ್ಟಿಗೆ, ಅದನ್ನು ಹೊತ್ತ ಉಡುಪಿಗೆ ಹಾಗೂ ಅದನ್ನು ಸಿದ್ಧಪಡಿಸುವ ಕಾರ್ಯಾಗಾರಕ್ಕೆ ‘ತಿರಾಜ್’ ಎಂಬ ಒಂದೇ ಹೆಸರಿತ್ತು. ಪಾರಸಿ ಮೂಲದ ಈ ಪದದ ಮೊದಲ ಅರ್ಥ ಕಸೂತಿ. ಇಬ್ನ್ ಖಲ್ದೂನ್ (1332–1406) ತನ್ನ ‘ಮುಕದ್ದಿಮಾ’ದಲ್ಲಿ ತಿರಾಜನ್ನು ರಾಜಲಾಂಛನಗಳಲ್ಲೊಂದಾಗಿ ಪರಿಗಣಿಸಿ ಚರ್ಚಿಸಿದ್ದಾನೆ. ನಾಣ್ಯದ ಮೇಲೆ, ಶುಕ್ರವಾರದ ಪ್ರವಚನದಲ್ಲಿ, ಬಟ್ಟೆಯ ಮೇಲೆ ಹೆಸರು ಮೂಡುವುದೆಂದರೆ ಅದು ಅಧಿಕಾರದ ಘೋಷಣೆ. ಇಂತಹ ಬರೆಹವನ್ನು ಚರಿತ್ರೆಯ ಆಕರವಾಗಿ ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಎರಡು ನಿದರ್ಶನಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಪರಿಭಾಷೆಯ ಮಾತು. ಇಂತಹ ಬಟ್ಟೆಗಳನ್ನೆಲ್ಲ ‘ಬ್ರೊಕೇಡ್’ ಎಂದು ಕರೆಯುವ ರೂಢಿಯಿದೆ. ಕನ್ನಡದಲ್ಲಿ ಅದು ‘ಜರತಾರಿ’ ಎಂದಾಗುತ್ತದೆ. ಪಾರಸಿಯಲ್ಲಿ ‘ಜರ್’ ಎಂದರೆ ಚಿನ್ನ, ‘ತಾರ್’ ಎಂದರೆ ಎಳೆ. ಆದರೆ ಚಿನ್ನದ ಎಳೆಯೇ ಇಲ್ಲದ ಚಿತ್ರಿತ ರೇಷ್ಮೆಗಳೂ ಇವೆ. ಕಟ್ಟುನಿಟ್ಟಾದ ಅರ್ಥದಲ್ಲಿ ಬ್ರೊಕೇಡ್ ಎಂದರೆ, ಚಿತ್ರವಿರುವಷ್ಟು ಜಾಗದಲ್ಲಿ ಮಾತ್ರ ಹೆಚ್ಚುವರಿ ಹೊಕ್ಕುನೂಲನ್ನು ಸೇರಿಸಿ ನೇಯ್ದದ್ದು. ‘ಸ್ಯಾಮೈಟ್’ ಎಂಬ ಪ್ರಕಾರದಲ್ಲಿ ಬಣ್ಣದ ಹೊಕ್ಕುನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೂ ಸಾಗುತ್ತವೆ. ಹಾಸು ಇಲ್ಲಿ ಎರಡು ಬಗೆಯದು: ಒಂದು ಒಳಗೇ ಅಡಗಿದ್ದು, ಯಾವ ಬಣ್ಣ ಮುಂದೆ ಕಾಣಬೇಕು, ಯಾವುದು ಹಿಂದೆ ಸರಿಯಬೇಕು ಎಂಬುದನ್ನು ಬೇರ್ಪಡಿಸುತ್ತದೆ, ಇನ್ನೊಂದು ಓರೆಗೆರೆಯ ನೇಯ್ಗೆಯಲ್ಲಿ ಹೊಕ್ಕನ್ನು ಬಿಗಿಯುತ್ತದೆ. ಇಲ್ಲಿ ಅಕ್ಷರವು ಬಟ್ಟೆಯ ಮೇಲೆ ಬರೆದದ್ದಲ್ಲ, ಬಟ್ಟೆಯೊಡನೆಯೇ ಹುಟ್ಟಿದ್ದು. ಆದ್ದರಿಂದ ಪಠ್ಯವನ್ನು ನೇಯ್ಗೆಯಿಂದ ಬೇರ್ಪಡಿಸಿ ಓದುವಂತಿಲ್ಲ.

ಮೊದಲ ನಿದರ್ಶನ, ‘ಸೇಂಟ್ ಜೋಸ್‌ನ ಶವವಸ್ತ್ರ’ವೆಂದು ಹೆಸರಾದ ಸ್ಯಾಮೈಟ್. ಇದರ ತುಣುಕುಗಳು ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿವೆ. ಎದುರುಬದುರಾಗಿ ನಿಂತ ಆನೆಗಳು, ಅಂಚಿನಲ್ಲಿ ಎರಡು ಡುಬ್ಬದ ಒಂಟೆಗಳ ಸಾಲು, ಆನೆಗಳ ಕಾಲಡಿಯಲ್ಲಿ ಕೂಫಿ ಲಿಪಿಯ ಅರಬ್ಬೀ ಬರೆಹ ಇದರಲ್ಲಿವೆ. ಸೇನಾನಾಯಕ ಅಬೂ ಮನ್ಸೂರ್ ಬಖ್ತಕೀನನಿಗೆ ಕೀರ್ತಿಯನ್ನು ಹಾರೈಸಿ, ದೇವರು ಅವನ ಆಯುಷ್ಯವನ್ನು ಹೆಚ್ಚಿಸಲೆಂದು ಬರೆಹವು ಪ್ರಾರ್ಥಿಸುತ್ತದೆ. ಕಾಲದ ಉಲ್ಲೇಖವಿಲ್ಲ. ಆದರೂ ಆಯುಷ್ಯದ ಹಾರೈಕೆ ಬದುಕಿರುವವನಿಗೆ ಸಲ್ಲತಕ್ಕದ್ದು. ಖುರಾಸಾನಿನ ಈ ನಾಯಕನನ್ನು ಸಾಮಾನಿ ಅರಸ ಅಬ್ದುಲ್ ಮಲಿಕನು 961ರಲ್ಲಿ ಕೊಲ್ಲಿಸಿದನು. ಆದಕಾರಣ ಬಟ್ಟೆ ಅದಕ್ಕೂ ಮುಂಚಿನದು. ಖಲೀಫನ ಹೆಸರಿನ ಬದಲು ಪ್ರಾಂತ್ಯದ ಸೇನಾನಾಯಕನ ಹೆಸರು ಇಲ್ಲಿ ಕಾಣಿಸಿಕೊಂಡಿರುವುದು ಗಮನಾರ್ಹ. ರಾಜಲಾಂಛನವು ಯಾರ ಕೈಗೆ ಹೋಗಿತ್ತೆಂಬುದಕ್ಕೆ ಅದು ಸಾಕ್ಷಿ. ಇದೇ ಬಟ್ಟೆ ಉತ್ತರ ಫ್ರಾನ್ಸಿನ ಚರ್ಚೊಂದರಲ್ಲಿ ಕ್ರೈಸ್ತ ಸಂತನ ಅಸ್ಥಿಗಳನ್ನು ಸುತ್ತಿಟ್ಟ ವಸ್ತ್ರವಾಯಿತು. 1134ರಲ್ಲಿ ಆ ಅವಶೇಷಗಳನ್ನು ಮರುಸ್ಥಾಪಿಸಿದಾಗ ಇದನ್ನು ಬಳಸಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಅಲ್ಲಿ ಇದರ ಬೆಲೆ ರೇಷ್ಮೆಯದಾಗಿತ್ತೇ ಹೊರತು ಬರೆಹದ್ದಲ್ಲ. ಆದರೂ ಆ ಚರ್ಚಿನ ಪಾಲನೆಯೇ ಇಂದು ಬರೆಹದ ಪ್ರಾಮಾಣ್ಯಕ್ಕೆ ಆಧಾರವಾಗಿದೆ.

ಎರಡನೆಯ ನಿದರ್ಶನ ಇದಕ್ಕೆ ವ್ಯತಿರಿಕ್ತವಾದುದು. 1925ರಲ್ಲಿ ಇರಾನಿನ ರೈ ಪಟ್ಟಣದ ಬಳಿ ಗೋರಿಗಳನ್ನು ಅಗೆದಾಗ ರೇಷ್ಮೆ ಬಟ್ಟೆಗಳು ಹೊರಬಂದವು. ಮುಂದಿನ ದಶಕಗಳಲ್ಲಿ ಅದೇ ಬಗೆಯ ಇನ್ನಷ್ಟು ಬಟ್ಟೆಗಳು ಮಾರುಕಟ್ಟೆಗೆ ಬಂದು, 10–11ನೆಯ ಶತಮಾನಗಳ ‘ಬೂಯಿದ್ ರೇಷ್ಮೆ’ಗಳೆಂದು ವಸ್ತುಸಂಗ್ರಹಾಲಯಗಳನ್ನು ಸೇರಿದವು. ಅವುಗಳ ಸಾಚಾತನದ ಬಗ್ಗೆ ದೀರ್ಘಕಾಲ ವಾದ ನಡೆಯಿತು. 1992ರಲ್ಲಿ ಶೀಲಾ ಬ್ಲೇರ್, ಜೊನಾಥನ್ ಬ್ಲೂಮ್ ಮತ್ತು ಆನ್ ವಾರ್ಡ್‌ವೆಲ್ ಅವರು ಲಿಪಿವಿಶ್ಲೇಷಣೆ ಹಾಗೂ ರೇಡಿಯೋ ಕಾರ್ಬನ್ ಪರೀಕ್ಷೆಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ಅಧ್ಯಯನವು, ಹಲವು ಬಟ್ಟೆಗಳು ಬೂಯಿದರ ಕಾಲದವಲ್ಲವೆಂದೂ, ಅವುಗಳಲ್ಲಿ ಆಧುನಿಕ ನೇಯ್ಗೆಗಳೂ ಇವೆಯೆಂದೂ ತೋರಿಸಿತು. ಅವುಗಳನ್ನು ಆಧರಿಸಿ ಕಟ್ಟಿದ ಕಲಾಚರಿತ್ರೆಯ ಭಾಗವೂ ಅದರೊಡನೆ ಕುಸಿಯಿತು.

ಕನ್ನಡ ಸಂಶೋಧನೆಗೆ ಈ ಸಮಸ್ಯೆ ಹೊಸದಲ್ಲ. ಗಂಗರ ತಾಮ್ರಪಟಗಳ ಕುರಿತು ಬಿ.ಎಲ್. ರೈಸ್ ಮತ್ತು ಜೆ.ಎಫ್. ಫ್ಲೀಟ್ ನಡುವೆ ನಡೆದ ವಾದವು ಕೂಟಶಾಸನದ ಪ್ರಶ್ನೆಯನ್ನೇ ಕುರಿತದ್ದು. ಲಿಪಿ, ಭಾಷೆ, ಉಕ್ತವಾದ ಚಾರಿತ್ರಿಕ ಸಂಗತಿ ಇವುಗಳ ಪರಸ್ಪರ ಹೊಂದಾಣಿಕೆಯನ್ನು ಅಲ್ಲಿ ಪರೀಕ್ಷಿಸಲಾಯಿತು. ನೇಯ್ದ ಶಾಸನಕ್ಕೂ ಅದೇ ನಿಕಷ ಸಲ್ಲುತ್ತದೆ. ಜೊತೆಗೆ ಹಾಸುಹೊಕ್ಕಿನ ರಚನೆ ಮತ್ತು ನೂಲಿನ ವಯಸ್ಸು ಸೇರಿಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ವಸ್ತುವು ದೊರೆತ ನೆಲೆ ಖಚಿತವಾಗಿರಬೇಕು. ಬಖ್ತಕೀನನ ಬಟ್ಟೆಗೆ ಅಂತಹ ನೆಲೆಯಿದೆ; ಬೂಯಿದರದೆನ್ನಲಾದ ಹಲವು ಬಟ್ಟೆಗಳಿಗೆ ಇಲ್ಲ. ಬರೆಹ ಎಷ್ಟೇ ಸ್ಫುಟವಾಗಿದ್ದರೂ ಅದು ತನಗೆ ತಾನೇ ಪ್ರಮಾಣವಾಗಲಾರದು ಎಂಬುದನ್ನು ಈ ಎರಡು ನಿದರ್ಶನಗಳು ಸ್ಪಷ್ಟಪಡಿಸುತ್ತವೆ.