ಹಚ್ಚಿದ ಮೇಲೆ ಎರಡು ತಾಸು

ತಂಗಿ,

ಮಂಡಿ ನೋವಿಗೆ ಹೊನ್ನೆಣ್ಣೆ ತಿಕ್ಕಲೋ, ಮೆಡಿಕಲ್ ಶಾಪಿನ ಪಟ್ಟಿ ಅಂಟಿಸಲೋ ಅಂತ ಕೇಳಿದೆಯಲ್ಲ. ಯಾವುದಾದರೂ ಹಚ್ಚು, ಒಂದೇ ಜಾಗಕ್ಕೆ ಎರಡೂ ಬೇಡ. ಆದರೆ ಹಚ್ಚಿಕೊಂಡು ಹೋಗಿ ಮಲಗಬೇಡ, ಅಂಗಳಕ್ಕೆ ಇಳಿ. ಇವು ಕೊಡೋದು ಒಂದೆರಡು ತಾಸಿನ ಬಿಡುವು ಅಂತಲೇ ಇಟ್ಟುಕೋ. ಆ ಹೊತ್ತಿನಲ್ಲಿ ಕುರ್ಚಿ ಮೇಲೆ ಕೂತು ಒಂದೊಂದೇ ಕಾಲು ನೀಡಿ ಮಡಚು, ತುಸು ನಡೆ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿ ಮೇಲಿನ ಭಾರ ಇಳೀತದೆ. ನೋವು ಕಮ್ಮಿ ಆಯ್ತು ಅಂತ ಆ ಎರಡು ತಾಸು ಟಿವಿ ಮುಂದೆ ಕಳೆದರೆ ಎಣ್ಣೆಯೂ ದಂಡ, ತಿಕ್ಕಿದ ಕೈಯೂ ದಂಡ.

ಈ ಹಚ್ಚುವ ಮದ್ದುಗಳು ನೋವು ತಗ್ಗಿಸೋದು ಹೇಗೆ ಅಂತೀಯಾ? ಮೆಣಸಿನಕಾಯಿ ಹೆಚ್ಚಿದ ಕೈ ಸುಟ್ಟ ಹಾಗೆ ಉರೀತದೆ, ಅಲ್ಲೆಂತ ಬೆಂಕಿ ಇರ್ತದೆಯೇ? ಬಿಸಿಯ ಸುದ್ದಿ ಮುಟ್ಟಿಸುವ ನರವನ್ನೇ ಖಾರ ಕೆಣಕುತ್ತದೆ. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ತಂಡ ಇದರ ಗುಟ್ಟು ಹಿಡಿಯಿತು, 2021ರಲ್ಲಿ ಅವರಿಗೆ ನೊಬೆಲ್ ಬಂತು. ದಿನಾ ಕೆಣಕಿಸಿಕೊಂಡ ನರ ನಿಧಾನಕ್ಕೆ ದಣಿದು ನೋವನ್ನೂ ಅಷ್ಟಾಗಿ ಹೇಳುವುದಿಲ್ಲ. ಹಾಗಾಗಿ ಖಾರದ ಮುಲಾಮು ಒಂದು ದಿನ ಹಚ್ಚಿ ಬಿಟ್ಟರೆ ಉರಿ ಮಾತ್ರ ಲಾಭ; ಎರಡು ಮೂರು ವಾರ ಬಿಡದೆ ಹಚ್ಚಬೇಕು. ನೋವಿನ ಬಾಮಿನ ಮೆಂಥಾಲ್ ತಂಪಿನ ನರವನ್ನು ಇದೇ ರೀತಿ ಮುಟ್ಟುತ್ತದೆ. ಡೈಕ್ಲೋಫಿನಾಕ್ ಜೆಲ್ಲಿನ ಕೆಲಸ ಬೇರೆ, ಅದು ಚರ್ಮದೊಳಗೆ ಇಳಿದು ಉರಿಯೂತ ತಗ್ಗಿಸುತ್ತದೆ. ಮಂಡಿ, ಬೆರಳಿನ ಗಂಟು ಚರ್ಮಕ್ಕೆ ಹತ್ತಿರ ಇರೋದರಿಂದ ಅಲ್ಲಿ ನಡೀತದೆ. ಆಳದಲ್ಲಿರುವ ಸೊಂಟದ ಕೀಲಿಗೆ ಅಷ್ಟು ಮುಟ್ಟುವುದಿಲ್ಲ. ಸವೆದ ಕೀಲನ್ನು ತುಂಬಿಸುವ ಎಣ್ಣೆ ಮಾತ್ರ ಯಾವ ಅಂಗಡಿಯಲ್ಲೂ ಇಲ್ಲ, ಲೇಬಲ್ ಎಂತದೇ ಹೇಳಲಿ.

ನಮ್ಮ ಉತ್ತರ ಕನ್ನಡದ ಕಡೆ ಮದ್ದಿಗೆ ಬರಗಾಲವಿಲ್ಲ. ಸಮುದ್ರದಂಡೆಯ ಹೊನ್ನೆ ಬೀಜದ ಎಣ್ಣೆ ಹಿಂದೆ ದೀಪಕ್ಕೂ ಆಗುತ್ತಿತ್ತು, ಗಂಟುನೋವಿಗೂ ಆಗುತ್ತಿತ್ತು. ಬಾಣಂತಿಯ ಮೀಯುವ ನೀರಿಗೆ ಹಾಕುವ ಲಕ್ಕಿ ಸೊಪ್ಪನ್ನೇ ಬಾಡಿಸಿ ಬಟ್ಟೆಯಲ್ಲಿ ಕಟ್ಟಿ ಸೊಂಟಕ್ಕೆ ಶಾಖ ಕೊಡ್ತಾರೆ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಮಂಡಿಗೆ ಕಟ್ಟುವುದೂ ಉಂಟು. ಆದರೆ ಎಲೆ ಕೊಯ್ಯುವಾಗ ಸೋರುವ ಹಾಲು ಕಣ್ಣಿಗೆ ತಾಗದಂತೆ ನೋಡಿಕೋ, ಕಣ್ಣಿನ ಕರಿಗುಡ್ಡೆಗೆ ಪೆಟ್ಟು ಬೀಳ್ತದೆ. ಕೈ ತೊಳೆಯದೆ ಕಣ್ಣುಜ್ಜಿಕೊಂಡರೂ ಸಾಕು. ಚಿತ್ರಮೂಲದ ಬೇರು, ಗುಡ್ಡೆಗೇರಿನ ಎಣ್ಣೆ ಇವಂತೂ ಬೊಕ್ಕೆ ಎಬ್ಬಿಸುವಂಥವು. ಅನುಭವಸ್ಥರು ಎದುರಿಗಿಲ್ಲದೆ ಅವುಗಳ ತಂಟೆಗೆ ಹೋಗಬೇಡ.

ಗಿಡ ಗುರುತಿಸುವ ಅನುಭವ ಅಂದರೆ ನಮ್ಮ ಹೊನ್ನಳ್ಳಿಯ ತುಳಸಿ ಗೌಡರದು; ಅವರು 2024ರ ಡಿಸೆಂಬರಿನಲ್ಲಿ ತೀರಿಹೋದರು. ಶಾಲೆ ಕಂಡವರಲ್ಲ, ನರ್ಸರಿಯಲ್ಲಿ ಸಸಿ ಬೆಳೆಸುತ್ತ ಕಾಡಿನ ಒಂದೊಂದು ಗಿಡದ ಗುಣ ಅರಿತವರು. ಇಂಥವರ ಕಣ್ಣಿಗೆ ಬಿದ್ದ ಗಿಡ ತಪ್ಪುವುದಿಲ್ಲ. ಮೊಬೈಲಿನಲ್ಲಿ ಅರ್ಧ ನಿಮಿಷ ನೋಡಿ ಬೇಲಿಯಿಂದ ಎಲೆ ಕಿತ್ತು ತರುವ ನಮ್ಮ ಕಣ್ಣು ಅದಲ್ಲ. ಎಲೆ ಇಂಥದ್ದೇ ಎಂದು ಖಾತ್ರಿ ಇದ್ದರೂ ಮೊದಲು ಮೊಳಕೈ ಒಳಬದಿಗೆ ಒಂದು ಚೂರು ಹಚ್ಚಿ ಒಂದು ದಿನ ಬಿಡು. ಕೆಂಪಾದರೆ, ತುರಿಕೆ ಬಂದರೆ ಆ ಮದ್ದು ನಿನಗಲ್ಲ.

ಇನ್ನು ಪಟ್ಟಿ. ಕಾರವಾರದ ಬೆವರಿಗೆ ಅದು ಅರ್ಧ ತಾಸಿನಲ್ಲೇ ಬಿಚ್ಚಿ ಸೀರೆಗೆ ಅಂಟೀತು. ಮಿಂದು, ಚೆನ್ನಾಗಿ ಒರೆಸಿ, ಮೈ ಆರಿದ ಮೇಲೆ ಅಂಟಿಸು. ಎಣ್ಣೆ ಹಚ್ಚಿದ ಜಾಗಕ್ಕೆ ಹಿಡಿಯುವುದಿಲ್ಲ. ಗಾಯದ ಮೇಲೆ ಬೇಡ. ಪೊಟ್ಟಣದಲ್ಲಿ ಬರೆದ ತಾಸು ದಾಟಿಸಬೇಡ. ಅದರ ಮೇಲೆ ಬಿಸಿನೀರಿನ ಚೀಲ ಇಡುವ ನಿನ್ನ ಅತ್ತೆಯ ಪದ್ಧತಿ ಇದೆಯಲ್ಲ, ಅದನ್ನು ಮೊದಲು ಬಿಡಿಸು. ಮೆಂಥಾಲ್ ಇರುವ ಮುಲಾಮು, ಪಟ್ಟಿಗಳಿಂದ ಚರ್ಮ ಸುಟ್ಟವರಿದ್ದಾರೆಂದು 2012ರಲ್ಲಿ ಅಮೆರಿಕದ ಔಷಧ ಇಲಾಖೆಯೇ ಎಚ್ಚರಿಸಿತ್ತು. ಬಿಸಿ ಸೇರಿದರೆ ಅಪಾಯ ಇನ್ನೂ ಹೆಚ್ಚು.

ನಿನ್ನ ಮಾವನವರಿಗೆ ಸಕ್ಕರೆ ಕಾಯಿಲೆ, ಪಾದ ಜೋಮು. ಅವರಿಗೆ ಉಪ್ಪಿನ ಶಾಖ ಕೊಡುವಾಗ ಬಿಸಿ ಎಷ್ಟಿದೆ ಅಂತ ಅವರನ್ನು ಕೇಳಬೇಡ, ನಿನ್ನ ಕೈಯಲ್ಲಿ ನೋಡು. ಪಾದಕ್ಕಂತೂ ಶಾಖವೇ ಬೇಡ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಅವರು ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಮಾತ್ರೆ ನುಂಗುವವರಾದರೆ ಮೀಥೈಲ್ ಸ್ಯಾಲಿಸಿಲೇಟ್ ಇರುವ ಬಾಮನ್ನು ದಿನಾ ಬಳಿಯುವ ಹಾಗಿಲ್ಲ. ಚರ್ಮದಿಂದಲೇ ಒಳಗಿಳಿದು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ. ಡಬ್ಬಿ ಹಿಂದಿನ ಸಣ್ಣ ಅಕ್ಷರ ಓದಲು ಕನ್ನಡಕ ಹಾಕಿಕೋ. ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಒಳಗೆ ಎಂತೆಂತ ಸೇರಿಸಿದ್ದಾರೆ ಎಂಬುದು ಇಲ್ಲದ ಬಾಟಲಿ ಮನೆಗೆ ತರಬೇಡ. ಎಣ್ಣೆಯ ಜೊತೆ ಹೆಸರಿಲ್ಲದ ಪುಡಿಯನ್ನೂ ಕೊಟ್ಟು, ಅದನ್ನು ತಿಂದ ಎರಡೇ ದಿನಕ್ಕೆ ಹಳೇ ನೋವು ಮಾಯವಾದರೆ ಖುಷಿಪಡುವ ಬದಲು ಅನುಮಾನಪಡು. ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಸಿಕ್ಕ ಉದಾಹರಣೆ ನಮ್ಮ ದೇಶದಲ್ಲಿ ಬೇಕಾದಷ್ಟಿದೆ.

ನಾಟಿ ಮದ್ದು ಅಂದಮೇಲೆ ಬೆಳಂಬಾರದ ಮಾತೂ ಬರ್ತದೆ. ಲಕ್ವಾ ಹೊಡೆದವರನ್ನು ಎಲ್ಲೆಲ್ಲಿಂದಲೋ ಅಲ್ಲಿಗೆ ನಾಟಿ ಮದ್ದಿಗೆ ಕರೆತರುತ್ತಾರೆ. ಆ ನಂಬಿಕೆಯನ್ನು ನಾನು ಹಗುರ ಮಾಡುವವಳಲ್ಲ. ಆದರೆ ಬಾಯಿ ಸೊಟ್ಟಗಾಯಿತು, ಕೈ ಬಿತ್ತು, ಮಾತು ತೊದಲಿತು ಎಂದರೆ ಮೊದಲ ಓಟ ಆಸ್ಪತ್ರೆಗೇ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಲಕ್ವಾ ಹೊಡೆದಲ್ಲಿಂದ ಇರುವುದು ಸುಮಾರು ನಾಲ್ಕೂವರೆ ತಾಸು. ಅದರಲ್ಲಿ ದಾರಿಗೇ ಎಷ್ಟು ಹೋಗ್ತದೆ ಎಂಬುದು ನಮ್ಮ ಜಿಲ್ಲೆಯವರಿಗೆ ಬೇರೆ ಹೇಳಬೇಕಿಲ್ಲ; 2022ರಲ್ಲಿ ದೊಡ್ಡ ಆಸ್ಪತ್ರೆ ಬೇಕು ಅಂತ ಜನ ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಮಾಲೀಸು ಆಮೇಲೂ ಮಾಡಿಸಬಹುದು.

ನಿನ್ನ ಮಂಡಿಗೆ ಅಂಥ ಅವಸರ ಇಲ್ಲ. ಆದರೂ ಮೂರು ತಿಂಗಳು ದಾಟಿದ ನೋವನ್ನು ಒಮ್ಮೆ ಡಾಕ್ಟರಿಗೆ ತೋರಿಸಲೇಬೇಕು. ಮಂಡಿ ಊದಿ ಬಿಸಿಯಾಗಿ ಜ್ವರ ಬಂದರೆ, ಸೊಂಟ ನೋವಿನ ಜೊತೆ ಕಾಲು ಸೋತರೆ, ಮೂತ್ರ ಹಿಡಿತ ತಪ್ಪಿದರೆ ಆವತ್ತೇ ಹೋಗು. ಹೋಗುವಾಗ ಹಚ್ಚುವ ಎಣ್ಣೆ, ಪಟ್ಟಿಯ ಪೊಟ್ಟಣ, ಪುಡಿ ಇದ್ದರೆ ಪುಡಿ, ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡು. ನಾಟಿ ಮದ್ದು ಅಂದರೆ ಬೈತಾರೆ ಅಂತ ಮುಚ್ಚಿಡಬೇಡ. ಬೈದರೆ ಬೈಸಿಕೋ.