ಇಂಟರ್‌ಕೂಲರ್ ದೊಡ್ಡದು ಹಾಕಿದರೆ ಸಾಕಾ?

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್‌ನ ಸೀನಿಯರ್ ಅಣ್ಣ ಒಬ್ಬರು ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಕಾರು ತಗೊಂಡರು. ಅವರ ಮನೆ ಮಂಗಳೂರಿನ ಹತ್ತಿರ, ನಮ್ಮ ಕಾಲೇಜು ಘಟ್ಟದ ಮೇಲೆ. ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿ ಇಳಿದು ಹತ್ತೋದು ಇದ್ದೇ ಇತ್ತು. ಒಂದು ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಬರುವಾಗ ಲಾರಿಯನ್ನು ಓವರ್‌ಟೇಕ್ ಮಾಡಲು ಹೊರಟಿದ್ದಾರೆ, ಅರ್ಧದಲ್ಲೇ ಪಿಕಪ್ ಸತ್ತುಹೋಗಿದೆ. ಎದುರಿಗೆ ಬಸ್ಸು. ಹೇಗೋ ಬ್ರೇಕ್ ಹಾಕಿ ಮತ್ತೆ ಲಾರಿಯ ಹಿಂದೆ ಸೇರಿಕೊಂಡಿದ್ದಾರೆ. ರಾತ್ರಿ ನಮ್ಮ ರೂಮಿಗೆ ಬಂದಾಗಲೂ ಅವರ ಮುಖ ಬಿಳಿಚಿಕೊಂಡೇ ಇತ್ತು.

ಒಂದು ಗ್ಯಾರೇಜಿನಲ್ಲಿ ತೋರಿಸಿದ್ದಕ್ಕೆ "ಇಂಟರ್‌ಕೂಲರ್ ಚಿಕ್ಕದು, ದೊಡ್ಡದು ಹಾಕಿಸಿ, ಫಿಟ್ಟಿಂಗ್ ಸೇರಿ 35,000" ಅಂದರಂತೆ. ಅಣ್ಣ ನಮ್ಮನ್ನು ಕೇಳಿದರು: "ಏನ್ರೋ, ನೀವು ಮೆಕ್ಯಾನಿಕಲ್‌ನೋರು. ಹಾಕಿಸಿದ್ರೆ ಸರಿಹೋಗುತ್ತಾ?" ನಾವು ನಾಲ್ಕೂ ಜನ ಒಟ್ಟಿಗೆ "ಹಾಕಿಸಿಬಿಡಿ ಅಣ್ಣ" ಅಂದೆವು. ಒಬ್ಬರೂ ಲೆಕ್ಕ ಮಾಡಿರಲಿಲ್ಲ. ಅವರ ಇಂಟರ್ನ್‌ಶಿಪ್ ಸ್ಟೈಪೆಂಡ್ ಪೂರ್ತಿ ಅದಕ್ಕೇ ಹೋಗುತ್ತಿತ್ತು. ಆಮೇಲೆ ನಾಚಿಕೆಯಾಗಿ ಥರ್ಮೊಡೈನಮಿಕ್ಸ್ ನೋಟ್ಸ್ ತೆಗೆದೆವು. ಆ ಲೆಕ್ಕ ಮತ್ತು ಅದರಿಂದ ನಮಗೆ ಗೊತ್ತಾದದ್ದು ಇಲ್ಲಿದೆ.

ಟರ್ಬೊ ಗಾಳಿಯನ್ನು ಯಾಕೆ ಬಿಸಿ ಮಾಡುತ್ತದೆ?

ಸೈಕಲ್‌ಗೆ ಪಂಪ್ ಹೊಡೆದಾಗ ಪಂಪಿನ ತುದಿ ಬಿಸಿಯಾಗುತ್ತಲ್ಲ, ಇಲ್ಲೂ ಅದೇ ಕಥೆ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಲೆಕ್ಕ ಸುಲಭವಾಗಲಿ ಅಂತ ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್, ಬೂಸ್ಟ್ 1 ಬಾರ್ ಅಂತ ಇಟ್ಟುಕೊಳ್ಳೋಣ. ಅಂದರೆ ಒತ್ತಡ 1 ಬಾರ್‌ನಿಂದ 2 ಬಾರ್‌ಗೆ, ಎರಡು ಪಟ್ಟು ಏರುತ್ತದೆ.

30 ಡಿಗ್ರಿ ಅಂದರೆ 303 ಕೆಲ್ವಿನ್. ಯಾವ ನಷ್ಟವೂ ಇಲ್ಲದ ಆದರ್ಶ ಕಂಪ್ರೆಸರ್ ಆದರೆ, 2ರ ಘಾತ 0.286 ಅಂದರೆ ಸುಮಾರು 1.22. ಅದನ್ನು 303ಕ್ಕೆ ಗುಣಿಸಿದರೆ ಹತ್ತಿರ ಹತ್ತಿರ 66 ಡಿಗ್ರಿ ಏರಿಕೆ ಬರುತ್ತದೆ. ನಿಜವಾದ ಕಂಪ್ರೆಸರ್ ದಕ್ಷತೆ 70% ಅಂತ ಹಿಡಿದರೆ 66 ÷ 0.7, ಸುಮಾರು 95 ಡಿಗ್ರಿ ಏರಿಕೆ. ಹಾಗಾಗಿ ಟರ್ಬೊದಿಂದ ಹೊರಬರುವ ಗಾಳಿ 125 ಡಿಗ್ರಿ ಇರುತ್ತದೆ. ನೀರು ಕುದಿಯುವುದಕ್ಕಿಂತ ಜಾಸ್ತಿ!

ಇದರಿಂದ ಎರಡು ತೊಂದರೆ. ಒಂದು, ಬಿಸಿ ಗಾಳಿಯ ಸಾಂದ್ರತೆ ಕಡಿಮೆ. ಸಿಲಿಂಡರ್‌ಗೆ ಹೋಗುವ ಆಕ್ಸಿಜನ್ ಕಡಿಮೆಯಾಗುತ್ತದೆ. ಎರಡು, ಪೆಟ್ರೋಲ್ ಎಂಜಿನ್‌ನಲ್ಲಿ ನಾಕಿಂಗ್ ಶುರುವಾಗುತ್ತದೆ. ಅದನ್ನು ತಪ್ಪಿಸಲು ಇಸಿಯು ಇಗ್ನಿಷನ್ ಟೈಮಿಂಗ್ ಹಿಂದೆ ಸರಿಸುತ್ತದೆ, ಕೆಲವು ಕಾರುಗಳಲ್ಲಿ ಬೂಸ್ಟ್ ಕೂಡ ಇಳಿಸುತ್ತದೆ. ಎಂಜಿನ್ ಉಳಿಯುತ್ತದೆ, ಪಿಕಪ್ ಹೋಗುತ್ತದೆ. ಅಣ್ಣನಿಗೆ ಆ ಓವರ್‌ಟೇಕ್‌ನಲ್ಲಿ ಆಗಿದ್ದೂ ಇದೇ ಇರಬೇಕು ಅಂತ ನಮಗೆ ಅನ್ನಿಸಿತು.

ದೊಡ್ಡದು ಹಾಕಿದರೆ ಎಷ್ಟು ಲಾಭ?

ಟರ್ಬೊ ಮತ್ತು ಎಂಜಿನ್ ನಡುವೆ ಕೂರುವ ರೇಡಿಯೇಟರ್ ತರಹದ ಭಾಗವೇ ಇಂಟರ್‌ಕೂಲರ್. ಏರಿದ ಉಷ್ಣತೆಯಲ್ಲಿ ಎಷ್ಟು ಪಾಲನ್ನು ಅದು ಇಳಿಸುತ್ತದೆ ಅನ್ನೋದೇ ಅದರ ಎಫೆಕ್ಟಿವ್‌ನೆಸ್. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಇದಕ್ಕೆ ಸರಿಯಾದ ಕನ್ನಡ ಪದ ಹೊಳೆಯಲಿಲ್ಲ, ಕ್ಷಮಿಸಿ.

ಮೊದಲು, ಇಂಟರ್‌ಕೂಲರ್ ಇಲ್ಲವೇ ಇಲ್ಲ ಅಂದುಕೊಳ್ಳಿ: ಎಂಜಿನ್‌ಗೆ 125 ಡಿಗ್ರಿ ಗಾಳಿ, ಅಂದರೆ 398 ಕೆಲ್ವಿನ್.
ಎಫೆಕ್ಟಿವ್‌ನೆಸ್ 70% ಇರುವ ಇಂಟರ್‌ಕೂಲರ್ ಇದ್ದರೆ: ಸುಮಾರು 59 ಡಿಗ್ರಿ, 332 ಕೆಲ್ವಿನ್.
ಎಫೆಕ್ಟಿವ್‌ನೆಸ್ 85% ಇರುವ ದೊಡ್ಡ ಇಂಟರ್‌ಕೂಲರ್ ಹಾಕಿದರೆ: ಸುಮಾರು 44 ಡಿಗ್ರಿ, 317 ಕೆಲ್ವಿನ್.

ಒತ್ತಡ ಒಂದೇ ಇದ್ದರೆ ಸಾಂದ್ರತೆ ಕೆಲ್ವಿನ್ ಉಷ್ಣತೆಗೆ ವಿಲೋಮ. 398 ÷ 332 ಅಂದರೆ 1.2. ಮೊದಲ ಇಂಟರ್‌ಕೂಲರ್‌ನಿಂದ ಗಾಳಿ 20% ಜಾಸ್ತಿ ಸಿಗುತ್ತದೆ. ಆದರೆ ಅಪ್‌ಗ್ರೇಡ್‌ನಿಂದ? 332 ÷ 317, ಸುಮಾರು 1.05. ಬರೀ 5%. ದೊಡ್ಡ ಲಾಭವನ್ನು ಕಂಪನಿಯವರು ಆಗಲೇ ಕೊಟ್ಟಾಗಿದೆ; 35,000 ಕೊಟ್ಟು ನಾವು ಕೊಳ್ಳೋದು ಉಳಿದ ಆ ಚೂರನ್ನು.

ಆ ಚೂರು ಕೂಡ ಗ್ಯಾರಂಟಿ ಅಲ್ಲ. ಇಂಟರ್‌ಕೂಲರ್ ಒಳಗಿನ ಸಣ್ಣ ದಾರಿಗಳಲ್ಲಿ ನುಗ್ಗುವಾಗ ಗಾಳಿ ಒತ್ತಡ ಕಳೆದುಕೊಳ್ಳುತ್ತದೆ. ಕಳಪೆ ವಿನ್ಯಾಸದ ಕೋರ್ ಹಾಕಿ ಈ ಪ್ರೆಷರ್ ಡ್ರಾಪ್ 0.1 ಬಾರ್ ಜಾಸ್ತಿಯಾದರೆ, 2 ಬಾರ್‌ನಲ್ಲಿ 0.1 ಅಂದರೆ 5%. ಗಳಿಸಿದ 5% ಅಲ್ಲಿಗೇ ಹೋಯ್ತು. ಇಸಿಯು ಬೂಸ್ಟನ್ನು ಸರಿದೂಗಿಸಲು ಟರ್ಬೊವನ್ನು ಇನ್ನಷ್ಟು ದುಡಿಸಬಹುದು. ಆಗ ಗಾಳಿ ಮೊದಲಿಗಿಂತ ಬಿಸಿಯಾಗಿ ಬರುತ್ತದೆ. ಆದ್ದರಿಂದ ಇಂಟರ್‌ಕೂಲರ್ ಕೊಳ್ಳುವಾಗ "ಎಷ್ಟು ತಣ್ಣಗೆ ಮಾಡುತ್ತೆ" ಅಂತ ಕೇಳಿದರೆ ಅರ್ಧ ಪ್ರಶ್ನೆ ಮಾತ್ರ. "ಎಷ್ಟು ಒತ್ತಡ ತಿನ್ನುತ್ತೆ" ಅನ್ನೋದು ಇನ್ನರ್ಧ.

ಅಳೆದು ನೋಡಿದಾಗ

ಲೆಕ್ಕ ಆದಮೇಲೆ ಅಣ್ಣನಿಗೆ "ಒಂದು ವಾರ ತಡೀರಿ" ಅಂದೆವು. ಬ್ಲೂಟೂತ್ ಒಬಿಡಿ ರೀಡರ್ ಒಂದನ್ನು ಹೊಂದಿಸಿಕೊಂಡು ಅದೇ ಘಾಟಿಗೆ ಹೋದೆವು. ಅಣ್ಣ ಡ್ರೈವಿಂಗ್, ಪಕ್ಕದ ಸೀಟಿನಲ್ಲಿ ನಮ್ಮಲ್ಲೊಬ್ಬ ಫೋನ್ ನೋಡಿ ಬರೆದುಕೊಳ್ಳೋದು. ನೋಡಬೇಕಾದದ್ದು ಇನ್‌ಟೇಕ್ ಗಾಳಿಯ ಉಷ್ಣತೆ, ಅಂದರೆ ಐಎಟಿ. ಒಂದು ಎಚ್ಚರಿಕೆ: ಕೆಲವು ಕಾರುಗಳಲ್ಲಿ ಈ ಸೆನ್ಸರ್ ಏರ್ ಫಿಲ್ಟರ್ ಹತ್ತಿರ ಇರುತ್ತದೆ. ಅದು ಹೊರಗಿನ ಗಾಳಿಯನ್ನಷ್ಟೇ ಹೇಳುತ್ತದೆ. ಇಂಟರ್‌ಕೂಲರ್ ಆದಮೇಲೆ ಇರುವ ಸೆನ್ಸರ್ ಬೇಕು.

ಹೊರಗೆ 30 ಡಿಗ್ರಿ. ಲಾರಿಗಳ ಹಿಂದೆ ಕಾಲು ಗಂಟೆ ತೆವಳಿದಾಗ ಐಎಟಿ 72 ಮುಟ್ಟಿತು. ಇದು ಹೀಟ್ ಸೋಕ್: ಮುಂದಿನಿಂದ ಗಾಳಿ ಬೀಸದೆ ಇಂಟರ್‌ಕೂಲರ್ ತಾನೇ ಬಿಸಿಯಾಗಿ ಕೂರುವುದು. ಅದು ಎಲ್ಲ ಟರ್ಬೊ ಕಾರಿಗೂ ಸ್ವಲ್ಪ ಇದ್ದದ್ದೇ. ಆದರೆ ರಸ್ತೆ ಖಾಲಿಯಾಗಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಐದು ನಿಮಿಷ ಹೋದರೂ 65ರ ಕೆಳಗೆ ಇಳಿಯಲಿಲ್ಲ. ಇಲ್ಲಿ ನಮಗೆ ಅನುಮಾನ ಬಂತು. ಇಂಟರ್‌ಕೂಲರ್ ಚಿಕ್ಕದಾಗಿದ್ದರೂ ಗಾಳಿ ಬೀಸಿದ ಕೂಡಲೇ ಸ್ವಲ್ಪವಾದರೂ ಚೇತರಿಸಿಕೊಳ್ಳಬೇಕಿತ್ತು. ಚೇತರಿಸಿಕೊಳ್ಳುತ್ತಿಲ್ಲ ಅಂದರೆ ಗಾಳಿಯೇ ಅದಕ್ಕೆ ತಲುಪುತ್ತಿಲ್ಲ.

ಮರುದಿನ ನಮಗೆ ಪರಿಚಯದ ಮೆಕ್ಯಾನಿಕ್ ಒಬ್ಬರ ಹತ್ತಿರ ಬಂಪರ್ ಬಿಚ್ಚಿಸಿದೆವು. ಹಿಂದಿನ ಓನರ್ ಕಾಲದಲ್ಲಿ ಯಾವಾಗಲೋ ಬಂಪರ್ ಬದಲಾಗಿತ್ತು. ಗ್ರಿಲ್‌ನಿಂದ ಇಂಟರ್‌ಕೂಲರ್‌ಗೆ ಗಾಳಿ ತರುವ ಪ್ಲಾಸ್ಟಿಕ್ ಡಕ್ಟ್ ಅನ್ನು ವಾಪಸ್ ಹಾಕೇ ಇರಲಿಲ್ಲ. ಕೋರ್‌ನ ಕೆಳಗಿನ ಅರ್ಧಕ್ಕೆ ಒಣಗಿದ ಕೆಸರು, ಹುಳುಗಳು. ಒಂದು ಹೋಸ್ ಕ್ಲಾಂಪ್ ಸಡಿಲವಾಗಿ ಸುತ್ತ ಎಣ್ಣೆ ಜಿನುಗಿತ್ತು. ಡಕ್ಟ್, ಹೊಸ ಕ್ಲಾಂಪ್, ಕಡಿಮೆ ಒತ್ತಡದ ನೀರಿನಲ್ಲಿ ತೊಳೆದದ್ದು, ಬಾಗಿದ ಫಿನ್‌ಗಳನ್ನು ನೆಟ್ಟಗೆ ಮಾಡಿದ್ದು, ಎಲ್ಲ ಸೇರಿ 2,600 ರೂಪಾಯಿ. ಮತ್ತೆ ಅದೇ ಘಾಟಿ, ಹೆಚ್ಚುಕಮ್ಮಿ ಅದೇ ಬಿಸಿಲು: ಲಾರಿ ಹಿಂದೆ 55, ರಸ್ತೆ ತೆರೆದ ಎರಡು ನಿಮಿಷಕ್ಕೆ 44. ಅಣ್ಣ ಏನೂ ಹೇಳಲಿಲ್ಲ, ಸಕಲೇಶಪುರದಲ್ಲಿ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದರು.

ಹಾಗಾದರೆ ಅಪ್‌ಗ್ರೇಡ್ ಯಾವಾಗ?

ಅಪ್‌ಗ್ರೇಡ್ ಸುಳ್ಳು ಅಂತ ನಾವು ಹೇಳುತ್ತಿಲ್ಲ. ಇಂಟರ್‌ಕೂಲರೇ ನಿಜವಾದ ಮಿತಿಯಾದಾಗ ಅದು ಬೇಕೇ ಬೇಕು. ಎರಡನೇ ಮಹಾಯುದ್ಧದ ಲಾಕ್‌ಹೀಡ್ ಪಿ-38 ಲೈಟ್ನಿಂಗ್ ವಿಮಾನ ಒಳ್ಳೆ ಉದಾಹರಣೆ. ಅದರ ಎರಡೂ ಆಲಿಸನ್ ಎಂಜಿನ್‌ಗಳಿಗೆ ಟರ್ಬೊ ಇತ್ತು. ಮೊದಲ ಮಾಡೆಲ್‌ಗಳಲ್ಲಿ ಇಂಟರ್‌ಕೂಲರ್ ಅನ್ನು ರೆಕ್ಕೆಯ ಮುಂಚೂಣಿ ಅಂಚಿನ ಒಳಗೇ ಕಟ್ಟಿದ್ದರು. ಎಂಜಿನ್‌ನ ಶಕ್ತಿ ಹೆಚ್ಚುತ್ತಾ ಹೋದಂತೆ ಅದು ಸಾಲದಾಯ್ತು, ಪೂರ್ತಿ ಶಕ್ತಿ ಬಳಸೋಕೆ ಆಗುತ್ತಿರಲಿಲ್ಲ. ಪಿ-38ಜೆ ಮಾಡೆಲ್‌ನಲ್ಲಿ ಎಂಜಿನ್ ಕೆಳಗೆ ಬೇರೆ ಕೋರ್ ಕೂರಿಸಿದರು. ವಿಮಾನಕ್ಕೆ ದಪ್ಪ ಗದ್ದ ಬಂತು, ರೆಕ್ಕೆಯಲ್ಲಿ ಖಾಲಿಯಾದ ಜಾಗ ಇಂಧನದ ಟ್ಯಾಂಕ್‌ಗೆ ಸಿಕ್ಕಿತು. ಒಂದನ್ನು ಬದಲಿಸಿದರೆ ಸುತ್ತಲಿನದೂ ಬದಲಾಗುತ್ತದೆ.

ಕಾರಿನಲ್ಲೂ ಹಾಗೇ. ರೀಮ್ಯಾಪ್ ಮಾಡಿಸಿ ಬೂಸ್ಟ್ ಏರಿಸಿದ್ದರೆ, ಅಥವಾ ರೇಸ್ ಟ್ರ್ಯಾಕ್‌ನಲ್ಲಿ ಲ್ಯಾಪ್ ಮೇಲೆ ಲ್ಯಾಪ್ ಓಡಿಸುತ್ತಾ ಐಎಟಿ ಏರುತ್ತಲೇ ಹೋದರೆ ಅಪ್‌ಗ್ರೇಡ್‌ಗೆ ಅರ್ಥ ಇದೆ. ಆಗ ಇವನ್ನು ನೋಡಿ:

1. ಕೋರ್ ಯಾವುದು? ಬಾರ್ ಅಂಡ್ ಪ್ಲೇಟ್ ಭಾರ ಜಾಸ್ತಿ, ನಿಧಾನಕ್ಕೆ ಬಿಸಿಯಾಗುತ್ತದೆ, ನಿಧಾನಕ್ಕೇ ತಣ್ಣಗಾಗುತ್ತದೆ. ಟ್ಯೂಬ್ ಅಂಡ್ ಫಿನ್ ಹಗುರ, ಬೇಗ ಚೇತರಿಸಿಕೊಳ್ಳುತ್ತದೆ.

2. ಎಲ್ಲಿ ಕೂರುತ್ತದೆ? ಮುಂದೆ ದೊಡ್ಡ ಕೋರ್ ಹಾಕಿದರೆ ಹಿಂದಿರುವ ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್‌ಗೆ ಗಾಳಿ ಕಡಿಮೆಯಾಗುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಇದು ಗೊತ್ತಾಗುತ್ತದೆ. ಸುಬಾರು ಡಬ್ಲ್ಯುಆರ್‌ಎಕ್ಸ್‌ನಂಥ ಕಾರಿನಲ್ಲಿ ಇಂಟರ್‌ಕೂಲರ್ ಎಂಜಿನ್ ಮೇಲೇ ಇದ್ದು ಬಾನೆಟ್‌ನ ತೂತಿನಿಂದ ಗಾಳಿ ಬರುತ್ತದೆ. ಪೈಪ್ ಚಿಕ್ಕದು, ಆದರೆ ನಿಂತಾಗ ಎಂಜಿನ್ ಬಿಸಿ ತಾಗುತ್ತದೆ.

3. ಪೈಪ್ ಎಷ್ಟು ಉದ್ದ? ಕೋರ್ ಮತ್ತು ಪೈಪಿನ ಒಳಜಾಗ ಜಾಸ್ತಿಯಾದಷ್ಟೂ ಅದನ್ನು ತುಂಬಿ ಬೂಸ್ಟ್ ಬರೋಕೆ ಸ್ವಲ್ಪ ತಡ.

4. ನಿಮ್ಮ ಕಾರಿನಲ್ಲಿ ನೀರಿನಿಂದ ತಣಿಸುವ ಇಂಟರ್‌ಕೂಲರ್ ಇದೆಯಾ? ಫೋಕ್ಸ್‌ವ್ಯಾಗನ್‌ನ 1.0 ಟಿಎಸ್‌ಐ ಎಂಜಿನ್‌ನಲ್ಲಿ ಅದು ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೇ ಇರುತ್ತದೆ. ಮುಂದೆ ಒಂದು ಕೋರ್ ತಂದು ಕಟ್ಟುವ ಮಾತು ಅಲ್ಲಿ ಅಷ್ಟು ಸುಲಭ ಅಲ್ಲ.

5. ಫಿಟ್ ಆದಮೇಲೆ ಲೀಕ್ ಟೆಸ್ಟ್ ಮಾಡಿಸಿ: ಪೈಪ್ ಮುಚ್ಚಿ, ಬೂಸ್ಟ್‌ಗಿಂತ ಹೆಚ್ಚಿಲ್ಲದ ಒತ್ತಡ ಕೊಟ್ಟು, ಜಾಯಿಂಟ್‌ಗಳಿಗೆ ಸೋಪು ನೀರು. ವಾರಂಟಿ, ಇನ್ಶುರೆನ್ಸ್ ವಿಚಾರವನ್ನೂ ಮೊದಲೇ ಕೇಳಿಕೊಳ್ಳಿ.

ಇದೆಲ್ಲಕ್ಕೂ ಮುಂಚೆ ಮಾಡಬೇಕಾದದ್ದು ಒಂದೇ: ಬಂಪರ್ ಹಿಂದೆ ಟಾರ್ಚ್ ಹಾಕಿ ನೋಡಿ, ಐಎಟಿ ಬರೆದುಕೊಳ್ಳಿ. ಸೀನಿಯರ್ ಅಣ್ಣನಿಗೆ ನಾವು ಆ ರಾತ್ರಿ ಹೇಳಿದ ಹಾಗೆ 35,000 ಹಾಕಿಸಿದ್ದರೆ, ಡಕ್ಟ್ ಇಲ್ಲದ ಜಾಗದಲ್ಲೇ ದೊಡ್ಡ ಇಂಟರ್‌ಕೂಲರ್ ಕೂರುತ್ತಿತ್ತು. ಅದೂ ಬಿಸಿಯಾಗಿ, ಇನ್ನೊಂದು ಲಾರಿಯ ಪಕ್ಕದಲ್ಲಿ ಪಿಕಪ್ ಮತ್ತೆ ಹೋಗುತ್ತಿತ್ತು. ಪರೀಕ್ಷೆಯಲ್ಲಿ ಲೆಕ್ಕ ತಪ್ಪಿದರೆ ಮಾರ್ಕ್ಸ್ ಹೋಗುತ್ತದೆ ಅಷ್ಟೆ. ಈಗ ಯಾರಾದರೂ "ಹಾಕಿಸ್ಲಾ?" ಅಂತ ಕೇಳಿದರೆ ನಾವು ಮೊದಲು ಕೇಳೋದು, "ಅಳೆದು ನೋಡಿದ್ರಾ?"