ಒಂದು ಗುಂಟೆಯ ಸಾಕ್ಷಿ

ನಿನ್ನ ಥೀಸಿಸ್ಸಿನ ಎರಡು ಅಧ್ಯಾಯ ಓದಿದೆ ಕಣಮ್ಮ. ಬರವಣಿಗೆ ಚೆನ್ನಾಗಿದೆ, ಕೋಷ್ಟಕಗಳೂ ಅಚ್ಚುಕಟ್ಟು. ಆದರೆ ನಾಲ್ಕನೆಯ ಅಧ್ಯಾಯದಲ್ಲಿ ಪ್ರತಿ ಕೋಷ್ಟಕದ ಕೆಳಗೂ ಒಂದು ಟಿ-ಟೆಸ್ಟ್ ಯಾಕೆ ಕೂತಿದೆ? ತಾಲ್ಲೂಕಿನ ಅಷ್ಟೂ ಸರ್ಕಾರಿ ಪ್ರೌಢಶಾಲೆಗಳ ಎಸ್ಸೆಸ್ಸೆಲ್ಸಿ ಅಂಕ ತಂದಿದ್ದೀಯ, ಒಂದು ಮಗುವನ್ನೂ ಬಿಟ್ಟಿಲ್ಲ. ನಿನ್ನ ಪ್ರಶ್ನೆ ಇರುವುದೂ ಆ ತಾಲ್ಲೂಕಿನ ಆ ವರ್ಷದ ಬಗ್ಗೆಯೇ. ಹಾಗಿದ್ದಮೇಲೆ ಹುಡುಗಿಯರ ಸರಾಸರಿ ನಾಲ್ಕು ಅಂಕ ಹೆಚ್ಚಿದ್ದರೆ ಹೆಚ್ಚಿದೆ, ಅಷ್ಟೇ. ಅದು ಎಣಿಸಿದ ಸತ್ಯ. ಅದನ್ನು ಸಾಬೀತು ಮಾಡಲು ಪಿ ವ್ಯಾಲ್ಯೂ ಬೇಕಿಲ್ಲ. ಇದನ್ನು ಒಪ್ಪದ ಪಂಡಿತರೂ ಇದ್ದಾರೆ, ವೈವಾದಲ್ಲಿ ಅಂಥವರು ಸಿಕ್ಕರೆ ವಾದ ಮಾಡು, ಹೆದರಬೇಡ.

ವಿವರಣಾತ್ಮಕ ಸಂಖ್ಯಾಶಾಸ್ತ್ರ ಕೈಯಲ್ಲಿರುವುದರ ಬಗ್ಗೆ ಹೇಳುತ್ತದೆ, ಅನುಮಾನಾತ್ಮಕ ಸಂಖ್ಯಾಶಾಸ್ತ್ರ ಕೈಗೆ ಸಿಗದೆ ಉಳಿದದ್ದರ ಬಗ್ಗೆ. ಪುಸ್ತಕದಲ್ಲಿ ಇದನ್ನು ಓದಿಯೇ ಇರುತ್ತೀಯ. ನಮ್ಮೂರಿನ ಹೊಲದಲ್ಲಿ ಇವೆರಡೂ ಹೇಗೆ ನಡೆಯುತ್ತವೆ ನೋಡು.

ಎಷ್ಟು ಎಕರೆಯಲ್ಲಿ ರಾಗಿ ಇದೆ ಎನ್ನುವುದಕ್ಕೆ ಬೆಳೆ ಸಮೀಕ್ಷೆಯವರು ಸರ್ವೆ ನಂಬರ್ ಸರ್ವೆ ನಂಬರಿಗೂ ಹೋಗಿ ಬರೆದುಕೊಳ್ಳುತ್ತಾರೆ. ಅದನ್ನೆಲ್ಲ ಕೂಡಿಸಿದರೆ ಮುಗಿಯಿತು, ಅದು ವಿವರಣೆ. ಆದರೆ ಎಕರೆಗೆ ಎಷ್ಟು ಇಳುವರಿ ಬಂತು? ಎಲ್ಲರ ಕಣಕ್ಕೂ ತಕ್ಕಡಿ ಹೊತ್ತುಕೊಂಡು ಹೋಗುವುದು ಆಗದ ಮಾತು. ಅದಕ್ಕೇ ಬೆಳೆ ಕಟಾವು ಪ್ರಯೋಗ. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಸರ್ವೆ ನಂಬರ್ ಆರಿಸಿ, ಆ ಹೊಲದೊಳಗೂ ಹಾಗೆಯೇ ಜಾಗ ಗುರುತಿಸಿ, 5 ಮೀಟರ್ ಉದ್ದ 5 ಮೀಟರ್ ಅಗಲಕ್ಕೆ ಹಗ್ಗ ಎಳೆದು, ಅಷ್ಟನ್ನು ಕೊಯ್ದು ತೂಗುತ್ತಾರೆ. ಬೆಳೆ ವಿಮೆಗೆ, ಮುಖ್ಯ ಬೆಳೆಯಾದರೆ, ಒಂದು ಗ್ರಾಮ ಪಂಚಾಯಿತಿಗೆ ಇಂಥ ನಾಲ್ಕು ಪ್ರಯೋಗ. ನಾಲ್ಕೂ ಸೇರಿದರೆ 100 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಇಡೀ ಪಂಚಾಯಿತಿಯ ಪರಿಹಾರ ಆ ಒಂದು ಗುಂಟೆಯ ಸಾಕ್ಷಿಯ ಮೇಲೆ ನಿಂತಿರುತ್ತದೆ!

ಲೆಕ್ಕ ಮಾಡಿಯೇ ನೋಡೋಣ, ಪೆನ್ಸಿಲ್ ತಗೋ. ನಾಲ್ಕು ಕಡೆ 4.1, 6.3, 2.9, 5.5 ಕೆಜಿ ರಾಗಿ ಬಂತು ಅಂತ ಇಟ್ಟುಕೋ. ಸರಾಸರಿ 4.7 ಕೆಜಿ. ಹೆಕ್ಟೇರಿಗೆ ಏರಿಸಲು 400ರಿಂದ ಗುಣಿಸು: 18.8 ಕ್ವಿಂಟಾಲ್. ಇಲ್ಲಿಯವರೆಗೆ ತಕರಾರಿಲ್ಲ, ಆ ನಾಲ್ಕು ತುಂಡು ನೆಲದ ಮಟ್ಟಿಗೆ ಅದು ನಿಜ. ಈಗ ‘ಪಂಚಾಯಿತಿಯ ಇಳುವರಿ ಇಷ್ಟು’ ಎಂದು ಹೇಳಬೇಕಾದರೆ ಆ ನಾಲ್ಕರ ಏರಿಳಿತವನ್ನೂ ಗಣನೆಗೆ ತಗೋಬೇಕು. ಮಾನಕ ವಿಚಲನೆ 1.5 ಕೆಜಿ, ನಾಲ್ಕೇ ಅಳತೆ ಇರುವುದರಿಂದ ಟಿ ಕೋಷ್ಟಕದ ಬೆಲೆ 3.18. ಶೇ. 95 ಭರವಸೆಯ ಅಂತರ ಎಲ್ಲಿಂದ ಎಲ್ಲಿಗೆ ಬರುತ್ತದೆ ಗೊತ್ತೇ? ಸುಮಾರು 9 ಕ್ವಿಂಟಾಲ್‌ನಿಂದ 28 ಕ್ವಿಂಟಾಲ್‌ವರೆಗೆ. 18.8 ಎಂಬ ಸಂಖ್ಯೆ ಎಷ್ಟು ಖಚಿತವಾಗಿ ಕಾಣುತ್ತಿತ್ತು!

ಅನ್ನದ ಒಂದು ಅಗುಳು ಹಿಸುಕಿ ನೋಡಿದರೆ ಸಾಕು ಎಂಬ ಉದಾಹರಣೆಯನ್ನು ಮೇಷ್ಟರುಗಳು ಇನ್ನೂ ಕೊಡುತ್ತಾರೆ. ಪಾತ್ರೆಯ ಅಗುಳೆಲ್ಲ ಒಂದೇ ನೀರಲ್ಲಿ ಬೇಯುತ್ತವೆ. ಹೊಲಗಳು ಹಾಗಲ್ಲ, ಮಕ್ಕಳ ಮನೆಗಳಂತೂ ಅಲ್ಲವೇ ಅಲ್ಲ. ಇಷ್ಟು ದತ್ತಾಂಶದಿಂದ ಎಷ್ಟು ನಿಖರವಾಗಿ ಹೇಳಬಹುದು ಎನ್ನುವುದಕ್ಕೂ ಒಂದು ಮಿತಿ ಇದೆ. ಪಕ್ಷಪಾತವಿಲ್ಲದ ಅಂದಾಜು ಎಷ್ಟೇ ಜಾಣತನದ್ದಾದರೂ ಅದರ ಏರಿಳಿತವನ್ನು ಒಂದು ಮಟ್ಟಕ್ಕಿಂತ ಕೆಳಗಿಳಿಸಲು ಆಗದು ಎಂದು 1945ರಲ್ಲಿ ತೋರಿಸಿದವರು ಸಿ.ಆರ್. ರಾವ್. ಅವರು ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲೇ, 1920ರಲ್ಲಿ. ಎಸ್‌ಪಿಎಸ್‌ಎಸ್ ಹೊಸ ಆವೃತ್ತಿ ಹಾಕಿಸಿಕೊಂಡರೂ ಆ ಮಿತಿ ಬದಲಾಗುವುದಿಲ್ಲ.

ಈಗ ಐದನೆಯ ಅಧ್ಯಾಯಕ್ಕೆ ಬಾ. ಅಲ್ಲಿ ಇರುವುದು ತದ್ವಿರುದ್ಧ ತೊಂದರೆ. ಪೋಷಕರ ಸಭೆಗೆ ಬಂದವರನ್ನು ಮಾತಾಡಿಸಿ, ‘ತಾಲ್ಲೂಕಿನ ಪೋಷಕರ ಅಭಿಪ್ರಾಯ’ ಎಂದು ತಲೆಬರಹ ಕೊಟ್ಟಿದ್ದೀಯ. ಕೂಲಿ ಬಿಟ್ಟು ಬರಲಾಗದವರು, ಕರೆದರೂ ಬಾರದವರು ಎಲ್ಲಿ ಹೋದರು? ‘ಜನ ಜಾಸ್ತಿ ಇದ್ದಾರಲ್ಲ’ ಅನ್ನಬೇಡ. 1936ರ ಅಮೆರಿಕದ ಚುನಾವಣೆಯಲ್ಲಿ ಲಿಟರರಿ ಡೈಜೆಸ್ಟ್ ಪತ್ರಿಕೆಗೆ 20 ಲಕ್ಷಕ್ಕೂ ಮೀರಿ ಉತ್ತರ ಬಂದಿತ್ತು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಬರೆದರು, ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ಪತ್ರಿಕೆ ವಿಳಾಸ ಹೆಕ್ಕಿದ್ದು ಟೆಲಿಫೋನ್, ಕಾರು ಇದ್ದವರ ಪಟ್ಟಿಗಳಿಂದ. ಸಾಲದ್ದಕ್ಕೆ, ಉತ್ತರ ಬರೆದು ಕಳಿಸುವ ಉಮೇದು ಇದ್ದವರು ಒಂದು ಥರದ ಜನ. ನಿನ್ನ ಸಭೆಗೆ ಬಂದ ಪೋಷಕರೂ ಹಾಗೇ ಒಂದು ಥರದ ಜನ.

ನಾಲ್ಕನೆಯ ಅಧ್ಯಾಯದ ಟೆಸ್ಟುಗಳನ್ನು ತೆಗೆ. ಆ ಜಾಗದಲ್ಲಿ ಶಾಲೆವಾರು ಮಧ್ಯಾಂಕ ಕೊಡು, ಅಂಕಗಳು ಎಲ್ಲಿ ಗುಂಪುಗೂಡಿವೆ, ಎಲ್ಲಿ ಚದುರಿವೆ ಎಂಬ ನಕ್ಷೆ ಹಾಕು. ಸರಾಸರಿಯ ಹಿಂದೆ ಅಡಗಿರುವ ಶಾಲೆಗಳು ಆಗ ಕಾಣುತ್ತವೆ. ವಿವರಣೆ ಅಂದರೆ ಕೆಳದರ್ಜೆಯ ಕೆಲಸ ಎಂದು ಯಾರೋ ನಿನ್ನ ತಲೆಗೆ ತುಂಬಿದ್ದಾರೆ, ಶುದ್ಧ ತಪ್ಪು. ಐದಕ್ಕೆ ಎರಡು ದಾರಿ ಇದೆ. ‘ಸಭೆಗೆ ಬಂದ ಪೋಷಕರು’ ಎಂದು ತಲೆಬರಹ ತಿದ್ದಿ ಅಷ್ಟಕ್ಕೇ ನಿಲ್ಲು. ಇಲ್ಲವಾದರೆ ದಾಖಲಾತಿ ವಹಿಯಿಂದ ಚೀಟಿ ಎತ್ತಿ ಹೆಸರು ಆರಿಸಿ, ಅವರ ಮನೆಗೇ ಹೋಗು, ಒಬ್ಬರು ಸಿಗಲಿಲ್ಲವೆಂದು ಪಕ್ಕದ ಮನೆಯವರನ್ನು ಕೇಳಿ ಬರಬೇಡ. ಎರಡನೆಯದೇ ಸರಿ ಅನ್ನಿಸಿದರೆ ಬೇಸಿಗೆ ರಜೆ ಶುರುವಾಗುವ ಮುಂಚೆ ಹೆಡ್‌ಮಾಸ್ಟರುಗಳಿಂದ ವಹಿ ನೋಡಲು ಅನುಮತಿ ತಗೋ.